ಎರಡು ಪಾದ ಹಿಂದೆ

ಗುರುವಾರ, ಸೆಪ್ಟೆಂಬರ್ ೧೮

ಅಕ್ಕಾ,

ಮುರಿದ ಪಾದಕ್ಕೆ ಮರಗಟ್ಟಿಸುವ ಸೂಜಿ ಚುಚ್ಚಿ ನಿನ್ನನ್ನು ಓಡಿಸಿದರು. ಅದು ಅನ್ಯಾಯ. ಕುಶಲ ಕೇಳುವ ಮೊದಲೇ ಇದನ್ನು ಬರೆದಿದ್ದೇನೆ. "ಶುರುವಾಯ್ತು ಇವಳ ಭಾಷಣ" ಅಂತ ನೀನು ನಗಬಹುದು. ನಗು. ನೀನು ನಕ್ಕು ಎಷ್ಟು ದಿನವಾಯಿತೋ.

ನಿನ್ನ ಕಾಗದ ಬಂದು ಒಂಬತ್ತು ದಿನವಾಯಿತು. ಶಿಬಿರದಲ್ಲಿ ನಿನ್ನ ಫೋನು ಕಿತ್ತುಕೊಂಡಿದ್ದಾರೆ, ನನ್ನ ಉತ್ತರಕ್ಕೆ ಕಾದಿರುತ್ತೀಯ ಎಂದು ಗೊತ್ತಿದ್ದೂ ತಡಮಾಡಿದೆ, ಕ್ಷಮಿಸು. ಪ್ರೆಸ್ಸಿನಲ್ಲಿ ಕೆಲಸವಿತ್ತು ಎನ್ನಬಹುದು. ಇತ್ತು ಕೂಡ. ಕ್ರೀಡಾಕೂಟದಲ್ಲಿ ಹನ್ನೊಂದು ಪದಕ ಗೆದ್ದ ನಮ್ಮ ತಂಡಕ್ಕೆ ಅಭಿನಂದನೆ ಹೇಳುವ ಪೋಸ್ಟರು, ಮೂರು ಸಾವಿರ ಪ್ರತಿ. ರಿಲೇ ಓಡಿದ ನೀವು ನಾಲ್ವರೂ ಅದರಲ್ಲಿದ್ದೀರಿ, ಕೊರಳಲ್ಲಿ ಕಂಚು. ಮೊಣಕಾಲಿನಿಂದ ಕೆಳಗೆ ಮಾತ್ರ ಜಾಹೀರಾತು. ಮಾಲೀಕರು ಒಂದು ಪ್ರತಿಯನ್ನು ಬೆಳಕಿಗೆ ಹಿಡಿದು, "ನಿಮ್ಮಕ್ಕ ಚೆನ್ನಾಗಿ ಬಂದಿದಾಳಲ್ಲೇ, ನೀನ್ಯಾಕೆ ಮುಖ ಊದಿಸ್ಕೊಂಡಿದೀಯ?" ಎಂದರು.

"ಕಾಲೆಲ್ಲಿ ಸಾರ್?"

"ಕಾಲು ಯಾರು ನೋಡ್ತಾರೆ ಬಿಡು."

ಓಟಗಾರ್ತಿಯ ಕಾಲನ್ನು ಯಾರೂ ನೋಡುವುದಿಲ್ಲವಂತೆ, ಅಕ್ಕ!

ಅಮ್ಮ ಚೆನ್ನಾಗಿದ್ದಾಳೆ. ಬಂದವರಿಗೆಲ್ಲ "ಒಂಚೂರು ಉಳುಕಿದೆ, ಅಷ್ಟೇ" ಎನ್ನುತ್ತಾಳೆ. ಅವರು ಹೋದ ಮೇಲೆ ನೀನು ಕಳಿಸಿದ ಎಕ್ಸ್‌ರೇಯನ್ನು ಕಿಟಕಿಗೆ ಹಿಡಿದು ನೋಡುತ್ತಾ ಕೂರುತ್ತಾಳೆ. ಹೆಚ್ಚಿನ ಸಲ ತಲೆಕೆಳಗಾಗಿ.

ಇದೇ ೨೨ರ ಸೋಮವಾರ ವಿಚಾರಣೆ ಎಂದು ಬರೆದಿದ್ದೀಯ. ಸನ್ಮಾನದ ದಿನ ಕ್ರೀಡಾಂಗಣದ ಬಾಗಿಲಲ್ಲಿ ಸೂಜಿಯ ವಿಷಯ ಬಯಲು ಮಾಡಿದ ಆ ಹೆಸರಿಲ್ಲದ ಕರಪತ್ರ ಹಂಚಿದಾಗಿನಿಂದ, ಸೂಜಿ ಚುಚ್ಚಿದವರು ಯಾರು ಎಂದು ಒಬ್ಬರೂ ಕೇಳಿಲ್ಲ. ಬಾಯಿ ಬಿಟ್ಟವರು ಯಾರು ಎಂದೇ ಹುಡುಕುತ್ತಿದ್ದಾರೆ. ಕಳ್ಳನನ್ನು ಬಿಟ್ಟು ಕೂಗಿದವನ ಕೊರಳಪಟ್ಟಿ ಹಿಡಿಯುವ ನ್ಯಾಯ ಇದು.

ನೀನೂ ಹುಡುಕಿದ್ದೀಯ. ರಿಲೇ ಕೋಲು ತರುವವಳು ಎಲ್ಲಿಗೆ ಬಂದಾಗ ನೀನು ಹೊರಡಬೇಕೋ ಅಲ್ಲಿ, ಪಾದಕ್ಕೆ ಪಾದ ಜೋಡಿಸಿ ಅಳೆದು, ನೆಲಕ್ಕೆ ಒಂದು ಪಟ್ಟಿ ಅಂಟಿಸಿಕೊಳ್ಳುತ್ತೀಯಲ್ಲ. ಅವಳು ಅದನ್ನು ದಾಟಿದೊಡನೆ ಹಿಂದೆ ನೋಡದೆ ಓಡಬೇಕು, ಕೈ ಚಾಚಬೇಕು. ಓಟದ ದಿನ ಮರಗಟ್ಟಿದ ಕಾಲು ಬೇಗ ಏಳುವುದಿಲ್ಲ ಎಂದು, ಕೋಲು ತರಬೇಕಿದ್ದ ಗುಬ್ಬಿ ನಿನ್ನ ಕಿವಿಯಲ್ಲಿ, "ಪಟ್ಟಿ ಎರಡು ಪಾದ ಹಿಂದೆ ಹಾಕ್ಕೊಳ್ಳೇ, ಮುಂಚೆ ಹೊರಡು. ನಾನು ಬಂದೇ ಬರ್ತೀನಿ" ಎಂದಳು. ಆ ಮಾತು ಕರಪತ್ರದಲ್ಲಿತ್ತು. "ಅದು ಗೊತ್ತಿದ್ದದ್ದು ಗುಬ್ಬಿಗೆ, ಬಿಟ್ಟರೆ ನಿನಗೆ. ನೀನು ನನ್ನ ತಂಗಿ. ಸೋಮವಾರ ಅವಳ ಹೆಸರು ಹೇಳ್ತೀನಿ, ತಂಡದಿಂದ ಹೋಗಲಿ" ಎಂದು ಬರೆದಿದ್ದೀಯ. ನಾಲ್ಕು ವರ್ಷ ಒಂದೇ ಕೋಣೆಯಲ್ಲಿದ್ದವಳ ಬಗ್ಗೆ.

ಮಂಗಳವಾರ ಗುಬ್ಬಿ ಮನೆಗೆ ಬಂದಿದ್ದಳು. ವಿಚಾರಣೆ ಮುಗಿಯುವ ತನಕ ಶಿಬಿರದ ಹಾಸ್ಟೆಲಿನಲ್ಲಿರಬೇಡ ಎಂದಿದ್ದಾರಂತೆ. ನಿನ್ನ ಓಟದ ಶೂ ಅವಳ ಚೀಲದಲ್ಲಿ ಬಂದುಬಿಟ್ಟಿತ್ತು. ಅಮ್ಮ ಬಾಗಿಲಲ್ಲೇ ನಿಂತು "ಅಲ್ಲಿಟ್ಟು ಹೋಗಮ್ಮ" ಎಂದಳು. ಕೂರು ಎನ್ನಲಿಲ್ಲ. ಗುಬ್ಬಿ ನನ್ನ ಕಡೆ ತಿರುಗಿ, "ಎಡಗಾಲಿನ ಶೂಗೆ ಹೊಸಾ ಅಟ್ಟೆ ಹಾಕಿದೀನಿ, ಮೆತ್ತಗಿದೆ. ಪ್ಲಾಸ್ಟರ್ ತೆಗೆದ ಮೇಲೆ ಬೇಕಾಗತ್ತೆ ಅಂತ ಹೇಳು. ನಾನ್ ಹೇಳಿದ್ರೆ ಕೇಳಲ್ಲ, ಕತ್ತೆ" ಎಂದು ನಕ್ಕಳು. ಮೆಟ್ಟಿಲಿಳಿಯುವಾಗ ನಗು ಇರಲಿಲ್ಲ. ಬೀದಿಯಲ್ಲಿ ನಿಂತು ಭಾಷಣ ಮಾಡುವ ನಾನು ಶೂ ಎತ್ತಿಕೊಂಡು ಒಳಗೆ ಹೋದೆ.

ನಿನ್ನ ಮೂಳೆ ಬೇಗ ಕೂಡಲಿ. "ನೆಲವೇ ತಿಳೀಲಿಲ್ಲ ಕಣೇ" ಎಂದು ಅವತ್ತಿನ ಓಟದ ಬಗ್ಗೆ ಬರೆದಿದ್ದೆಯಲ್ಲ, ಆ ನೆಲ ಮತ್ತೆ ನಿನ್ನ ಕಾಲಿಗೆ ತಿಳಿಯಲಿ.

ನಿನ್ನ
ಭಾಷಣ

ಮರೆತು ಬಿಟ್ಟದ್ದಲ್ಲ, ಹೆದರಿ ಕೊನೆಗೆ ಇಟ್ಟದ್ದು: ಕರಪತ್ರ ನನ್ನದು. "ಓದಿ ಹರಿದುಹಾಕು" ಎಂದು ನೀನು ಬರೆದ ಮೊದಲ ಕಾಗದವನ್ನು ಪ್ರೆಸ್ಸಿಗೆ ಒಯ್ದು, ನಾನೇ ಟೈಪು ಮಾಡಿ, ನಾನೇ ಅಚ್ಚು ಹಾಕಿದೆ. ನಿನ್ನ ಹೆಸರು ತೆಗೆದರೆ ಸಾಕು ಎಂದುಕೊಂಡೆ. ಪಟ್ಟಿಯ ಮಾತನ್ನೂ ತೆಗೆಯಬೇಕಿತ್ತು, ಮನಸ್ಸಾಗಲಿಲ್ಲ. ಇಡೀ ಕಾಗದದಲ್ಲಿ ಅದೇ ಚೆಂದದ ಸಾಲಾಗಿತ್ತು. ಸತ್ಯ ಎಲ್ಲರ ಸೊತ್ತು ಎಂದು ಓದಿ ಓದಿ ತಲೆಗೇರಿತ್ತು. ಕಾಗದ ನಿನ್ನದು, ನಿನ್ನನ್ನು ಕೇಳಬೇಕು ಎಂದು ಹೊಳೆಯಲೇ ಇಲ್ಲ.

ಸೂಜಿಯ ಬಗ್ಗೆ ಏನು ಹೇಳುತ್ತೀಯೋ ನಿನಗೆ ಬಿಟ್ಟದ್ದು, ಈ ಸಲ ನಿನ್ನ ಪರವಾಗಿ ನಾನು ಮಾತಾಡುವುದಿಲ್ಲ. ಗುಬ್ಬಿಯ ಹೆಸರು ಮಾತ್ರ ಹೇಳಬೇಡ, ನನ್ನದು ಹೇಳು. ಅವಳಿಗೂ ಇದನ್ನೇ ಬರೆದು ಕಳಿಸಿದ್ದೇನೆ, ನಿನ್ನ ಹಾಸ್ಟೆಲಿನ ಗೇಟಿಗೆ ಬಾ ಎಂದಿದ್ದೇನೆ. ಅವಳು ಬರುತ್ತಾಳೋ ಇಲ್ಲವೋ, ನೀನು ಇಳಿದು ಬರುತ್ತೀಯೋ ಇಲ್ಲವೋ, ಶೂ ಹಿಡಿದುಕೊಂಡು ನಾನಂತೂ ಅಲ್ಲಿರುತ್ತೇನೆ: ಭಾನುವಾರ, ಬೆಳಿಗ್ಗೆ ಏಳು ಗಂಟೆಗೆ.