ಹತ್ತನೆಯ ದಿನ, ಹನ್ನೆರಡರೊಳಗೆ

ಜನವರಿ ೨೩, ಗುರುವಾರ ಸಂಜೆ

ಪ್ರೀತಿಯ ಅಮ್ಮ,

ನೀನು ಇನ್ನೂ ದಾರಿಯಲ್ಲಿರುತ್ತೀಯ. ಹಿಮ ನಿಂತಿದೆ, ರಸ್ತೆಗೆ ಹಿಮ ಕರಗಿಸುವ ಉಪ್ಪು ಹಾಕಿದ್ದಾರೆ ಎಂದು ರೇಡಿಯೋದಲ್ಲಿ ಹೇಳಿದರು. ಹಾಗಾಗಿ ನಿನ್ನ ಬಗ್ಗೆ ಚಿಂತೆಯಿಲ್ಲ. ಮೂರು ದಿನದಲ್ಲಿ ಮೊದಲ ಸಲ ನನಗೆ ಹಸಿವಾಗಿದೆ. ಅಡುಗೆಮನೆಯ ಮೇಜಿನಲ್ಲೇ ಕೂತು ಬರೆಯುತ್ತಿದ್ದೇನೆ.

ನಿನ್ನ ಮಸೂದೆಗೆ ನಾನೂರ ಹದಿನೇಳನೆಯ ನಂಬರು ಬಿತ್ತು. ಅದನ್ನು ಶಾಸನಸಭೆಯ ಗ್ಯಾಲರಿಯಲ್ಲಿ ಕೂತು ನೀನೇ ಕೇಳಿದೆ. ನಿನಗೆ ಗೊತ್ತಿಲ್ಲದ್ದು, ಅದಕ್ಕೆ ಮುಂಚಿನ ಎರಡು ಗಂಟೆಯಲ್ಲಿ ನಮ್ಮ ಕಚೇರಿಯೊಳಗೆ ನಡೆದದ್ದು.

ಕ್ರಿಸ್‌ಮಸ್ ದಿನ ನಾವು ಆಡಿಕೊಂಡ ಮಾತು ನಿನಗೂ ನೆನಪಿರಬೇಕು. ಆಂಬುಲೆನ್ಸ್ ಸ್ವಯಂಸೇವಕರ ಸಂಘ ನಿನಗೆ ಸಂಬಳ ಕೊಡುತ್ತದೆ, ಎಷ್ಟೇ ಚಿಕ್ಕದಿರಲಿ. ಸಂಬಳ ಪಡೆದು ಸೆನೆಟರುಗಳ ಬಳಿ ಮಸೂದೆ ಕೇಳುವವರು ಲಾಬಿಗಾರರು. ಮೊದಲು ನೋಂದಣಿ, ಆಮೇಲೆ ಎದೆಗೆ ಬ್ಯಾಡ್ಜು, ಆಮೇಲೆ ಮಾತು, ಎಂದೆ ನಾನು. ಹ್ಯಾಮ್ ಕತ್ತರಿಸುತ್ತಿದ್ದ ಚಾಕು ಕೆಳಗಿಟ್ಟು ನೀನು ಹೇಳಿದೆ: "ನಲ್ವತ್ತು ವರ್ಷ ಸ್ಟ್ರೆಚರ್ ಹೊತ್ತಿದೀನಿ ಕಣೇ. ಎಥನಾಲ್ ಕಂಪನಿಯವನ ಪಕ್ಕ ನನ್ನನ್ನೂ ಪಟ್ಟೀಲಿ ಸೇರಿಸ್ತೀಯಾ?" ನಾನು ಕಾನೂನಿನ ಕಲಮು ಹೇಳಿದೆ. ಊಟದ ಮೇಜಿನಲ್ಲಿ, ಹಬ್ಬದ ದಿನ, ಅಮ್ಮನಿಗೆ ಕಲಮಿನ ಸಂಖ್ಯೆ ಹೇಳಿದ ಮಗಳು ನಾನು.

ಜನವರಿ ಹನ್ನೊಂದಕ್ಕೆ ಮನೆಗೆ ನಿನ್ನ ಕವರು ಬಂತು. ನನ್ನ ಹೆಸರಿನ ಮೇಲೆ ದೊಡ್ಡ ಅಕ್ಷರದಲ್ಲಿ ನನ್ನ ಹುದ್ದೆ, "ಲಾಬಿ ನೋಂದಣಿ ಅಧಿಕಾರಿ" ಎಂದು ನೀನು ಬರೆದಿದ್ದೆ. ಕುಹಕ ಎಂದುಕೊಂಡೆ. ಒಳಗೆ ನಾಲ್ಕು ಪುಟ ಬೈಗುಳ ಇರುತ್ತದೆ, ಅಧಿವೇಶನ ಮುಗಿದ ಮೇಲೆ ಓದೋಣ ಎಂದು ಡ್ರಾಯರಿನಲ್ಲಿ ಹಾಕಿದೆ. ಒಡೆಯಲಿಲ್ಲ ಅಮ್ಮ. ಕೆಲಸ ಹೆಚ್ಚಿತ್ತು ಎನ್ನಬಹುದು. ಆದರೆ ದಿನವೂ ಅದೇ ಡ್ರಾಯರಿನಿಂದ ಚಮಚ ತೆಗೆಯುತ್ತಿದ್ದೆ.

ಮಂಗಳವಾರ ನೀನು ಶಾಸನಸಭೆಗೆ ಬಂದೆ. ನಮ್ಮ ಬಾಗಿಲ ಮುಂದೆ ಹಾದು ಹೋದೆ, ಒಳಗೆ ನೋಡಲಿಲ್ಲ. ಎದೆಯ ಮೇಲೆ ಬ್ಯಾಡ್ಜ್ ಇರಲಿಲ್ಲ. ಬುಧವಾರ ಬೆಳಿಗ್ಗೆ ನಿನ್ನ ಮೇಲೆ ಒಂದು ದೂರು ದಾಖಲಾಯಿತು: ನೋಂದಣಿ ಇಲ್ಲದೆ ಲಾಬಿ. ಸುದ್ದಿ ನಿನ್ನ ಮಸೂದೆ ಮಂಡಿಸಬೇಕಿದ್ದ ಸೆನೆಟರ್ ಸ್ಟ್ರಾಂಡ್ ಕಿವಿಗೆ ಮುಟ್ಟಲು ಒಂದು ಕಾಫಿ ಕುಡಿಯುವಷ್ಟು ಹೊತ್ತೂ ಬೇಕಾಗಲಿಲ್ಲ. ಮಸೂದೆಯ ಪ್ರತಿಗಳು ಅವರ ಕೈಯಲ್ಲೇ ಇದ್ದವು, ಸಹಿ ಕೂಡ ಆಗಿತ್ತು. "ಆ ದೂರು ಇರೋವರೆಗೂ ಇದನ್ನ ಮುಟ್ಟಲ್ಲ" ಎಂದುಬಿಟ್ಟರಂತೆ. ಇವತ್ತು ಅಧಿವೇಶನದ ಹತ್ತನೆಯ ದಿನ. ಹನ್ನೆರಡು ಹೊಡೆದರೆ ಹೊಸ ಮಸೂದೆಗೆ ಬಾಗಿಲು ಮುಚ್ಚಿತು, ಇನ್ನು ಮುಂದಿನ ವರ್ಷವೇ. ಅಲ್ಲಿಯವರೆಗೆ ನಿನ್ನ ಮಸೂದೆ ಸಡಿಲಿಸಹೊರಟ ನಿಯಮವೇ: ಆಂಬುಲೆನ್ಸಿಗೆ ತರಬೇತಿ ಪಡೆದವರು ಇಬ್ಬರು ಬೇಕು, ಊರಿನಲ್ಲಿ ಉಳಿದಿರುವುದು ಒಬ್ಬರೇ. ಆರ್ಲೋ ಕ್ವಿಗ್ಲಿಗೆ ಎದೆನೋವು ಬಂದ ದಿನ ಗಾಡಿ ಶೆಡ್ಡಿನಲ್ಲೇ ನಿಂತಿತ್ತಲ್ಲ, ಹಾಗೆಯೇ ಇನ್ನೊಂದು ಚಳಿಗಾಲ.

ಇವತ್ತು ಒಂಬತ್ತೂವರೆಗೆ ಕಾವಲಿನವನು ನಿನ್ನನ್ನು ಕಾರಿಡಾರಿನಿಂದ ಹೊರಗೆ ಹೋಗಲು ಹೇಳಿದ. ನೀನು ಅಂದೆಯಂತೆ: "ಫಾರಂ ಕಳಿಸಿ ಎರಡು ವಾರ ಆಯ್ತಪ್ಪಾ. ಬ್ಯಾಡ್ಜ್ ಕೊಡದೇ ಕೂತಿರೋರು ನೀವು. ಹೋಗಿ ನನ್ ಮಗಳನ್ನೇ ಕೇಳು." ಅವನು ಬಂದು ಕೇಳಿದ. ನನ್ನ ಮೇಲಧಿಕಾರಿ ವರ್ಲಾ ಕಡತವನ್ನೆಲ್ಲ ಜಾಲಾಡಿದಳು. ಇಲ್ಲ. ಕನ್ನಡಕದ ಮೇಲಿಂದ ನನ್ನನ್ನು ನೋಡಿ, "ಕೊರಿನ್, ನಿಮ್ಮಮ್ಮ ಸುಳ್ಳು ಹೇಳ್ತಾರಾ?" ಎಂದಳು.

"ಅವಳಿಗೆ ಅದು ಬರಲ್ಲ" ಅಂದೆ. ಹಾಗೆನ್ನುತ್ತಲೇ ಡ್ರಾಯರು ನೆನಪಾಯಿತು.

ಮನೆಗೆ ಹೇಗೆ ಬಂದೆನೋ ತಿಳಿಯದು. ಕವರನ್ನು ಒಡೆಯದೇ ತಂದು, ಎಲ್ಲಿಟ್ಟಿದ್ದೆ ಎಂದೂ ಹೇಳಿ, ವರ್ಲಾಳ ಕೈಗೇ ಕೊಟ್ಟೆ. ಇದು ನನ್ನ ತಾಯಿಯ ವಿಷಯ, ನಾನು ಮುಟ್ಟಬಾರದು, ನೀನೇ ತೀರ್ಮಾನಿಸು ಎಂದೆ. ಅವಳು ಪೇಪರ್ ಚಾಕುವಿನಿಂದ ಕತ್ತರಿಸಿದಳು. ಒಳಗಿದ್ದದ್ದು ಫಾರಂ ಒಂದೇ. ಪ್ರತಿ ಕಾಲಮ್ಮೂ ತುಂಬಿತ್ತು, ಒಂದು ಚಿತ್ತೂ ಇರಲಿಲ್ಲ. ಬೈಗುಳ ಒಂದು ಸಾಲೂ ಇರಲಿಲ್ಲ.

"ಅಂಚೆ ಮುದ್ರೆ ಜನವರಿ ಒಂಬತ್ತು" ಎಂದಳು ವರ್ಲಾ. "ನಮಗೆ ಲೆಕ್ಕ ಆ ತಾರೀಖು. ನೋಂದಣಿ ಅಧಿಕಾರಿಗೆ ಕಳಿಸಬೇಕು ಅನ್ನುತ್ತೆ ಕಾನೂನು. ನೋಡು, ನಿಮ್ಮಮ್ಮ ಮೇಲೇ ಬರೆದಿದ್ದಾರೆ. ಅಧಿಕಾರಿ ಅದನ್ನ ಚಮಚದ ಜೊತೆ ಇಟ್ಕೊಂಡ್ರೆ ತಪ್ಪು ಅವರದಲ್ಲ." ಆಮೇಲೆ, "ನಿನ್ನನ್ನ ಏನು ಮಾಡೋದು ಅಂತ ಸೋಮವಾರ ಯೋಚಿಸೋಣ. ಈಗ ಹೋಗಿ ಮುಖ ತೊಳ್ಕೊ" ಅಂದಳು.

ದೂರು ವಜಾ ಎಂದು ಸೆನೆಟರಿಗೆ ಚೀಟಿ ಹೋದಾಗ ಹನ್ನೊಂದು ಮೂವತ್ತೈದು. ಅವರು ಬಂದು ಮಸೂದೆಯನ್ನು ಮೇಜಿನ ಮೇಲಿಟ್ಟಾಗ ಹನ್ನೊಂದು ನಲವತ್ತಾರು. ಮುದ್ರೆ ಒತ್ತಿದವಳು ವರ್ಲಾ. ನಾನು ಬಚ್ಚಲಿನಲ್ಲಿ ನಲ್ಲಿ ಬಿಟ್ಟು ನಿಂತಿದ್ದೆ. ಅಳು ಎಂದುಕೊಂಡು ಹೋದವಳಿಗೆ ಬಂದದ್ದು ನಗು.

ಹೊರಗೆ ಬರುವಾಗ ದೂರದಿಂದ ನಿನ್ನನ್ನು ಕಂಡೆ. ಎದೆಯ ಮೇಲೆ ಬ್ಯಾಡ್ಜ್ ಸೊಟ್ಟಗಿತ್ತು. ಎಥನಾಲ್ ಕಂಪನಿಯ ಲಾಬಿಗಾರ ತನ್ನ ಕುರ್ಚಿ ಬಿಟ್ಟುಕೊಡುತ್ತಿದ್ದ. "ನೀನೇ ಕೂತ್ಕೊಳಪ್ಪ, ನಿನ್ನ ಬೂಟು ನಿಲ್ಲೋಕೆ ಮಾಡಿದ್ದಲ್ಲ" ಎಂದೆ ನೀನು. ಸುತ್ತಲಿನವರೆಲ್ಲ ನಕ್ಕರು. ಹತ್ತಿರ ಬರಬೇಕಿತ್ತು. ಬರಲಿಲ್ಲ. ನಿನ್ನ ಮಸೂದೆ ಉಳಿಯಿತು, ಹೆಸರೂ ಉಳಿಯಿತು. ಆ ನಿರಾಳವನ್ನು ಒಬ್ಬಳೇ ಸ್ವಲ್ಪ ಹೊತ್ತು ಇಟ್ಟುಕೊಳ್ಳಬೇಕೆನಿಸಿತು.

ಸಮಿತಿಯ ಮುಂದೆ ಮಸೂದೆ ಫೆಬ್ರವರಿಯಲ್ಲಿ ಬರುತ್ತದೆ. ಆಗ ಮೋಟೆಲಿಗೆ ಹೋಗಬೇಡ. ಇಲ್ಲಿ ಹಾಸಿಗೆ ಇದೆ. ಕಾನೂನಿನಲ್ಲಿ ಅದಕ್ಕೆ ಅಡ್ಡಿಯಿಲ್ಲ, ವರ್ಲಾಳನ್ನು ಕೇಳಿಯೇ ಹೇಳುತ್ತಿದ್ದೇನೆ.

ನಿನ್ನ ಮಗಳು,
ಕೊರಿನ್

ತಾ. ಕ.: ದೂರು "ದಾಖಲಾಯಿತು" ಎಂದು ಬರೆದೆ. ಬರೆದುಕೊಟ್ಟವಳು ನಾನು. ಕಡತದಲ್ಲಿ ನನ್ನ ಸಹಿ ಇದೆ, ಯಾರು ಬೇಕಾದರೂ ನೋಡಬಹುದು. ಅದು ನನ್ನ ಕರ್ತವ್ಯ ಎಂದು ಎರಡು ದಿನದಿಂದ ನನಗೇ ಹೇಳಿಕೊಳ್ಳುತ್ತಿದ್ದೇನೆ. ಆದರೆ ಬ್ಯಾಡ್ಜ್ ಇಲ್ಲದೆ ನಿಂತವಳು ಬೇರೆ ಯಾರದ್ದಾದರೂ ತಾಯಿಯಾಗಿದ್ದರೆ, ನಾನು ಮೊದಲು ಎದ್ದು ಹೋಗಿ, ಫಾರಂ ಕಳಿಸಿದ್ದೀರಾ ಎಂದು ಕೇಳುತ್ತಿದ್ದೆ.