ಪಡಸಾಲೆಗೊಂದು ಕಂಪ್ಯೂಟರ್

ಜೂನ್ 3, ಸೋಮವಾರ. ಮಧ್ಯಾಹ್ನ 3

ರೊಟ್ಟಿ ಮುಗಿಯಿತು. ಅತ್ತೆ ಅಡ್ಡಾಗಿದ್ದಾರೆ. ಹಿಂದಿನ ಶೆಡ್‌ನಲ್ಲಿ ನಾಲ್ಕೂ ಪವರ್‌ಲೂಮ್ ಓಡುತ್ತಿವೆ. ಈ ಗದ್ದಲದಲ್ಲಿ ಏನು ಬರೆದರೂ ಯಾರೂ ತಿರುಗಿ ನೋಡುವುದಿಲ್ಲ.

ಮನೆಗೆ ಕಂಪ್ಯೂಟರ್ ಬರುವುದು ಪಕ್ಕಾ. ಸೆರಗಿನ ಡಿಸೈನ್ ಕಾಗದದ ಮೇಲೆ ಬಿಡಿಸಿ ಕೊಟ್ಟರೆ ಈಗ ಯಾವ ವ್ಯಾಪಾರಿಯೂ ಮುಟ್ಟುವುದಿಲ್ಲ. ಊಟಕ್ಕೆ ಕೂತಾಗ ಮಾವ ಹೂಂ ಅಂದರು. ಅಲ್ಲಿಗೆ ಮುಗಿಯಬೇಕಿತ್ತು. ಸಾರು ಬಡಿಸುತ್ತಿದ್ದ ಕಾವ್ಯ ನಡುವೆ ಬಾಯಿ ಹಾಕಿದಳು.

"ಲ್ಯಾಪ್‌ಟಾಪ್ ತಗೊಳ್ಳೂಣ್ರಿ ಮಾವಾರ. ಕರೆಂಟ್ ಹೋದ್ರೂ ನಡೀತೈತಿ."

ಮೈದುನ ಸಿದ್ದಾರೂಢನ ಹೆಂಡತಿ. ಈ ಮನೆಗೆ ಬಂದು ಎರಡು ವರ್ಷ. ಡಿಪ್ಲೊಮಾ ಓದಿದವಳು, ಡಿಸೈನ್ ತೆಗೆಯುವವಳೂ ಅವಳೇ. ಆದರೂ... ಲ್ಯಾಪ್‌ಟಾಪ್ ಅಂದರೆ ಬಗಲಲ್ಲಿಟ್ಟುಕೊಂಡು ಹೊರಡುವ ಸಾಮಾನು. ಎಲ್ಲಿಗೆ ಹೊರಡುವವಳು ಇವಳು?

ಅತ್ತೆ ಒಂದೇ ಮಾತು ಕೇಳಿದರು: "ಅದು ಯಾರ ಖೋಲ್ಯಾಗ ಇರತೈತಿ?"

ಈ ಮನೆಯಲ್ಲಿ ಎಲ್ಲರ ದುಡಿಮೆಯಿಂದ ಬಂದದ್ದು ಪಡಸಾಲೆಯಲ್ಲಿರಬೇಕು. ಟಿವಿ, ಫ್ರಿಜ್, ಹೊಲಿಗೆ ಮಷಿನ್, ಎಲ್ಲ ಅಲ್ಲೇ. ಅವರವರ ಖೋಲಿಯೊಳಗೆ ಹೋಗುವುದು ತವರಿನಿಂದ ತಂದದ್ದು ಮಾತ್ರ.

ಜೂನ್ 5, ಬುಧವಾರ

ಇವತ್ತು ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದೆ. ಕಾವ್ಯ ಫೋನಿನಲ್ಲಿ: "ಎರಡ ಖೋಲಿ ಸಾಕು. ನೀರು ಛಲೋ ಇದ್ರ ಆತು." ಯಾರಿಗೆ ಖೋಲಿ ಎಂದು ಕೇಳಿದೆ. ತನ್ನ ತಮ್ಮ ಅಜಯನಿಗೆ ಜಮಖಂಡಿಯಲ್ಲಿ ನೌಕರಿಯಂತೆ, ಬಾಡಿಗೆ ಮನೆ ಹುಡುಕುತ್ತಿದ್ದಾರಂತೆ. ತಡವರಿಸದೆ ಹೇಳಿದಳು. ಅಷ್ಟು ಸಲೀಸಾಗಿ ಉತ್ತರ ಬಂತೆಂದರೆ ಮೊದಲೇ ತಯಾರಿತ್ತು ಅಂತಲೇ ಅರ್ಥ.

ರಾತ್ರಿ ನಮ್ಮ ಯಜಮಾನರಿಗೆ ಹೇಳಿದೆ. ಇವರು ಪೂರ್ತಿ ಕೇಳಿಸಿಕೊಂಡರು.

ನಾನು ಏಳು ವರ್ಷದವಳಿದ್ದಾಗ ಅಪ್ಪ, ಕಾಕಾ ಬೇರೆಯಾದರು. ಸಾಲಿಯಿಂದ ಬರುವಷ್ಟರಲ್ಲಿ ನಡುಮನೆಯಲ್ಲಿ ಇಟ್ಟಂಗಿ ಗೋಡೆ ಏರಿಸುತ್ತಿದ್ದರು. ಕಾಕಾನ ಮಗಳ ಜೊತೆ ಒಂದೇ ಚಾದರದಲ್ಲಿ ಮಲಗುತ್ತಿದ್ದವಳು ನಾನು. ಅವತ್ತಿನಿಂದ ಅವಳ ಕೆಮ್ಮು ಮಾತ್ರ ಕೇಳಿಸುತ್ತಿತ್ತು. ನನ್ನ ಮಗಳು ಪ್ರೀತಿಗೆ ಆ ಗತಿ ಬರಬಾರದು. ಅವಳು ದಿನವೆಲ್ಲ ಚಿಗವ್ವಾ ಚಿಗವ್ವಾ ಅಂತ ಈ ಕಾವ್ಯನ ಹಿಂದೆಯೇ ಸುತ್ತುತ್ತಾಳೆ. ಈ ಮನೆ ಒಡೆಯಲು ನಾನು ಬಿಡುವುದಿಲ್ಲ.

ಜೂನ್ 9, ಭಾನುವಾರ. ರಾತ್ರಿ ಊಟಕ್ಕೆ ಮುಂಚೆ

ಜಮಖಂಡಿಗೆ ಹೋಗಿದ್ದೆವು. ನಾನು, ಇವರು, ಅವರಿಬ್ಬರು. ಅಂಗಡಿಯವನು ಮೊದಲು ಲ್ಯಾಪ್‌ಟಾಪ್ ತೆಗೆದಿಟ್ಟ. ಕಾವ್ಯ ಅದನ್ನು ತೊಡೆಯ ಮೇಲಿಟ್ಟುಕೊಂಡು ನೋಡಿದ ರೀತಿ... ಆಗಲೇ ತನ್ನದು ಅನ್ನುವ ಹಾಗೆ.

ನಾನು ಕೇಳಿದೆ: "ಮನ್ಯಾಗ ನಾಕ ಮಂದಿ ಬಳಸೂದೈತಿ. ಯಾವುದು ಬಾಳತೈತಿ?"

"ಒಂದ ಜಾಗಾದಾಗ ಇಡೂದಾದ್ರ ಡೆಸ್ಕ್‌ಟಾಪ್ ತಗೋರಿ ಅಕ್ಕಾರ. ಸ್ಕ್ರೀನ್ ದೊಡ್ಡದು, ಏನರ ಕೆಟ್ರ ಅದೊಂದ ಬದಲಿಸಿದ್ರ ಆತು. ಆದ್ರ ಯುಪಿಎಸ್ ಜೋಡೀಲೆ ಒಯ್ರಿ. ನಿಮ್ಮ ಕಡೆ ಕರೆಂಟ್ ಕತಿ ಗೊತ್ತೈತಲ್ಲ."

ಯುಪಿಎಸ್! ಕೇಳಿದ್ದು ಒಂದು, ತಗುಲಿಸಲು ನೋಡಿದ್ದು ಎರಡು. ಬೇಡ ಅಂದೆ.

ಸಿದ್ದಾರೂಢ ಮೆಲ್ಲಗೆ ಅಂದ, "ವೈನಿ, ಡಿಸೈನ್ ತಗಿಯಾಕಿ ಆಕಿ..." ಮುಂದಿನ ಮಾತು ನುಂಗಿಕೊಂಡ. ಆಗ ಇವರು ಬಾಯಿ ಬಿಟ್ಟರು:

"ಡೆಸ್ಕ್‌ಟಾಪೇ ಇರಲಿ. ಜೋಡಿಗೆ ಒಂದು ಪ್ರಿಂಟರ್ ಕೊಡ್ರಿ."

"ಪ್ರಿಂಟರ್ ಯಾಕ್ರಿ?" ಅಂದೆ.

"ಬಿಲ್ಲು, ಪಿಲ್ಲು ಬೇಕಾಗತೈತಿ."

ಮದುವೆಯಾಗಿ ಹದಿನಾಲ್ಕು ವರ್ಷ. ನಾಲ್ಕು ಜನರ ಎದುರು ಇವರು ನನ್ನ ಪರವಾಗಿ ಮಾತಾಡಿದ್ದು ಇದೇ ಮೊದಲು. ಕಾರಿನಲ್ಲಿ ಬರುವಾಗ ಕಿಟಕಿ ಕಡೆ ತಿರುಗಿ ನಕ್ಕೆ.

ಜೂನ್ 12, ಬುಧವಾರ

ಕಂಪ್ಯೂಟರ್ ಪಡಸಾಲೆಯಲ್ಲಿ ಕೂತಿತು. ಅತ್ತೆ ವಿಭೂತಿ ಹಚ್ಚಿ ಕಾಯಿ ಒಡೆದರು. ಸ್ಕ್ರೀನಿನ ಮುಖ ಅಡುಗೆಮನೆ ಬಾಗಿಲಿಗೆ ಕಾಣುವ ಹಾಗೆ ಟೇಬಲ್ ನಾನೇ ಸರಿಸಿದೆ. ಕಾವ್ಯ ನಮಗೆ ಬೆನ್ನು ಮಾಡಿ ಕೂಡಬೇಕು. ನಾನು ಹಿಂದೆ ಕೂತು ಅಕ್ಕಿ ಆರಿಸಬಹುದು.

"ಯಕ್ಕಾ, ಬರ್ರಿ, ನೀವೂ ಕಲೀರಿ," ಅಂದಳು. ನನಗೆ ಕಲಿಸಿ ಇವಳಿಗೇನು ಲಾಭ? ಕೆಲಸ ನನ್ನ ಕೊರಳಿಗೆ ಕಟ್ಟಿ ತಾನು ಹಗುರಾಗುವ ಲೆಕ್ಕ ಇರಬೇಕು. ಒಲೆಯ ಮೇಲೆ ಹಾಲಿದೆ ಅಂತ ಎದ್ದೆ. ಹಾಲು ಇರಲಿಲ್ಲ.

ಸಂಜೆ ಅತ್ತೆಯ ಕಿವಿಗೂ ಒಂದು ಮಾತು ಹಾಕಿದೆ. ಸಣ್ಣ ಸೊಸೆಯ ಮನಸ್ಸು ಬೇರೆ ಮನೆಯ ಮೇಲಿದೆ ಅಂತ. ಅತ್ತೆ ತಿರುಗಿ ಕಾವ್ಯನ ಖೋಲಿಯ ಬಾಗಿಲು ನೋಡಿದರು.

ಜೂನ್ 27, ಗುರುವಾರ

ಹನ್ನೊಂದಕ್ಕೆ ಕರೆಂಟ್ ಹೋಯಿತು. ಮಗ್ಗ ನಿಂತವು, ಕಂಪ್ಯೂಟರೂ ಕಪ್ಪಾಯಿತು. ಕಾವ್ಯ ಬೆಳಗಿನಿಂದ ಮಾಡಿದ ಅಂಚಿನ ಡಿಸೈನ್ ಅರ್ಧಕ್ಕರ್ಧ ಹೋಯಿತಂತೆ. ಕಣ್ಣಲ್ಲಿ ನೀರು. ನನ್ನ ಕಡೆ ನೋಡಿದಳು, ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು. ಸುಮ್ಮನಿರುವವರನ್ನು ನಂಬುವುದು ಹೇಗೆ?

ಇವರು ಈಗೀಗ ಬೆಳಿಗ್ಗೆ ತಾಸೊಪ್ಪತ್ತು ಕಂಪ್ಯೂಟರ್ ಮುಂದೆ ಕೂಡುತ್ತಾರೆ. ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತಾರೆ. ನೋಡಿದರೆ ನಗು ಬರುತ್ತದೆ.

ಜುಲೈ 8, ಸೋಮವಾರ. ಮಧ್ಯಾಹ್ನ 1

ಹೇಗೆ ಬರೆಯಲಿ.

ಹತ್ತಕ್ಕೆ ಇವರು ಟೈಪ್ ಮಾಡುತ್ತಿದ್ದಾಗ ಕರೆಂಟ್ ಹೋಯಿತು. ಎದ್ದು ಶೆಡ್‌ಗೆ ಹೋದರು. ಹನ್ನೊಂದೂವರೆಗೆ ಬಂತು. ಕಾವ್ಯ ಬಂದು ಕಂಪ್ಯೂಟರ್ ಶುರು ಮಾಡಿದಳು. ಕರೆಂಟ್ ಹೋದಾಗ ಅರ್ಧಕ್ಕೆ ನಿಂತಿದ್ದ ಕಾಗದ ತಾನೇ ತೆರೆದುಕೊಂಡಿದೆ. ನಾನು ಬಾಗಿಲಿಗೆ ಬಂದಾಗ ಅವಳು ಸ್ಕ್ರೀನನ್ನು ಗೋಡೆ ಕಡೆ ತಿರುಗಿಸುತ್ತಿದ್ದಳು.

ಸಿಕ್ಕಳು ಅಂದುಕೊಂಡೆ. ಖುಷಿಯೇ ಆಯಿತು. ಸುಳ್ಳು ಯಾಕೆ ಬರೆಯಲಿ.

"ಏನ ಮುಚ್ಚಾಕತ್ತಿ? ತಿರುಗಿಸು ಈ ಕಡೆ!"

"ಬ್ಯಾಡ್ರಿ ಯಕ್ಕಾ. ಆಮ್ಯಾಲೆ ನೋಡ್ರಿ."

ನನ್ನ ದನಿಗೆ ಅತ್ತೆ ಎದ್ದು ಬಂದರು. ನಾನೇ ಎಳೆದು ತಿರುಗಿಸಿದೆ. ದಪ್ಪ ಅಕ್ಷರ: ವಾಟ್ನಿ ಪತ್ರ. ಆಸ್ತಿ ಪಾಲಿನ ಕಾಗದ. ಕೆಳಗೆ, ಶಿವಯೋಗೆಪ್ಪನವರ ಹಿರಿಯ ಮಗ ದುಂಡೇಶ... ಇವರ ಹೆಸರು. ಮಗ್ಗ ಎರಡೆರಡು. ಪಡಸಾಲೆಯ ನಡುವೆ ಗೋಡೆ. ಮೂಡಣ ಭಾಗ ನಮಗೆ.

ಅತ್ತೆಗೆ ಓದು ಬರುವುದಿಲ್ಲ. "ಏನ ಬರದೈತೇ ಅದರಾಗ?"

ಕಾವ್ಯ ಅಂದಳು: "ಲೈಟ್ ಬಿಲ್ರಿ ಅತ್ತಿ. ನನ್ನ ಕೈಲೆ ಏನೋ ತಪ್ಪಾಗಿತ್ತು, ಅದಕ್ಕ ಮುಚ್ಚಿದ್ನಿ."

"ತಪ್ಪು ಮಾಡಿ ಮುಚ್ಚೂದು ಯಾವಾಗ ಕಲ್ತೀಯವ್ವಾ?" ಅಂತ ಅತ್ತೆ ಅವಳನ್ನೇ ಬೈದರು. ತಲೆ ಬಗ್ಗಿಸಿ ಬೈಸಿಕೊಂಡಳು. ನಾನು ಪಕ್ಕದಲ್ಲೇ ನಿಂತಿದ್ದೆ.

ಅದೇ ದಿನ, ಸಂಜೆ 6

ಶೆಡ್‌ಗೆ ಹೋಗಿ ಇವರನ್ನು ಹಿಡಿದು ಕೇಳಿದೆ. ಬೆಚ್ಚಲಿಲ್ಲ. ಮಗ್ಗ ಬಂದ್ ಮಾಡಿ ಕೈ ಒರೆಸಿಕೊಂಡರು.

"ನಮ್ಮ ರಬಕವ್ಯಾಗ ಯಾವ ಝೆರಾಕ್ಸ್ ಅಂಗಡ್ಯಾಗ ಟೈಪ್ ಮಾಡ್ಸಿದ್ರೂ ಸಂಜಿಮುಂದ ಅಪ್ಪಗ ಸುದ್ದಿ ಮುಟ್ಟತೈತಿ. ಅದಕ್ಕ ಮನ್ಯಾಗ ಮಾಡ್ನಿ."

"ಯಾರ ಸಲುವಾಗ್ರಿ ಇದು?"

"ನಿನ್ನ ಸಲುವಾಗಿ, ಮತ್ಯಾರ ಸಲುವಾಗಿ?"

"ನಾ ಬ್ಯಾರೆ ಆಗೂಣು ಅಂದಿದ್ನೇನು? ಒಂದ ದಿನರ ಅಂದೇನಿ?"

"ಅನ್ನಲಿಲ್ಲ. ಎರಡ ವರ್ಷ ಆತು, ದಿನಾ ಆಕಿ ಹಂಗಂದ್ಲು, ಆಕಿ ಹಿಂಗ ಮಾಡಿದ್ಲು. ನೀ ಆಕಿ ಜೋಡಿ ಬಾಳ್ವಿ ಮಾಡಾಂಗಿಲ್ಲ ಅಂತ ನನಗ ತಿಳೀತು. ನಿನ್ನ ಸಂಕಟ ನೋಡಾಕ ಆಗಲಿಲ್ಲ ಪೂರ್ಣಿಮಾ."

ಸಿಟ್ಟಿನಿಂದ ಅಂದಿದ್ದರೆ ಜಗಳವಾದರೂ ಆಡುತ್ತಿದ್ದೆ. ಪ್ರೀತಿಯಿಂದ ಅಂದರು. ಹರಿದು ಹಾಕಿ ಅಂದೆ. ಸಿದ್ದಾರೂಢನಿಗೆ ಆಗಲೇ ಹೇಳಿಯಾಗಿದೆಯಂತೆ.

ಈ ವಹಿಯ ಹಿಂದಿನ ಹಾಳೆ ತಿರುವಿದೆ. ಎಲ್ಲ ಕಡೆ ಅವಳದೇ ಹೆಸರು. ಯಾರೂ ಓದುವುದಿಲ್ಲ ಅಂತ ಬರೆದದ್ದನ್ನೇ ದಿನಾ ಇವರ ಕಿವಿಗೂ ಸುರಿದಿದ್ದೆ.

ಜುಲೈ 14, ಭಾನುವಾರ. ಸಂಜೆ 4

ಆರು ದಿನ ಪೆನ್ನು ಮುಟ್ಟಲಿಲ್ಲ. ಕಾವ್ಯನ ಎದುರು ನಿಲ್ಲಲು ಆಗಲಿಲ್ಲ.

ಇವತ್ತು ಮಾವನ ಕೈಗೆ ಇವರೇ ವಾಟ್ನಿ ಪತ್ರ ಕೊಟ್ಟರು. ಮಾವ ಎರಡು ಸಲ ಓದಿ ಮಡಿಚಿಟ್ಟರು. ಎಲ್ಲರನ್ನೂ ಪಡಸಾಲೆಗೆ ಕರೆಸಿದರು.

"ಬ್ಯಾರೆ ಆಗೂ ಮಾತು ಈ ಮನ್ಯಾಗ ಮೊದಲ ಯಾರ ಬಾಯಿಂದ ಬಂತು? ಅದಷ್ಟ ಹೇಳ್ರಿ."

ಇವರು ನೆಲ ನೋಡಿದರು. ನನ್ನ ಹೆಸರು ಹೇಳಲಿಲ್ಲ. ಅತ್ತೆ ಮಾತ್ರ ತಲೆ ಎತ್ತಿ ಕಾವ್ಯನ ಕಡೆ ನೋಡಿದರು. ನಾನು ತುಂಬಿಸಿಟ್ಟ ನೋಟ ಅದು. ಪ್ರೀತಿ ಚಿಗವ್ವನ ಸೆರಗು ಹಿಡಿದು ನಿಂತಿದ್ದಳು. ನಾನು ನೀರು ಕುಡಿದು ಬರುತ್ತೇನೆಂದು ಒಳಗೆ ಬಂದೆ. ಬಂದು ಇದನ್ನು ಬರೆಯುತ್ತ ಕೂತಿದ್ದೇನೆ. ನಾಚಿಕೆಗೇಡಿ.

ಕರೆಂಟ್ ಇಲ್ಲ. ಹೊರಗಿನ ಒಂದೊಂದು ಮಾತೂ ಕೇಳುತ್ತಿದೆ. ಅತ್ತೆ ಕೇಳುತ್ತಿದ್ದಾರೆ, "ನಿಂದ ಏನವ್ವಾ ಈ ಮಾತು? ಖರೆ ಹೇಳ."

ಕಾವ್ಯ ಉತ್ತರ ಕೊಡುತ್ತಿಲ್ಲ. ಅಲ್ಲ ಅನ್ನು ಮಾರಾಯ್ತಿ. ಅಲ್ಲ ಅನ್ನು. ಅನ್ನುವುದಿಲ್ಲ ಇವಳು.

ಅತ್ತೆ ಮತ್ತೆ ಕೇಳಿದರು. ಏಳು ಪೂರ್ಣಿಮಾ. ಹೋಗಿ ಹೇಳು, ಅವಳದಲ್ಲ, ಎರಡು ವರ್ಷದಿಂದ ಆ ಮಾತು ನನ್ನ ಬಾಯಲ್ಲೇ ಇತ್ತು. ಪೆನ್ನು ಇಟ್ಟೆ.