ಒಂಬತ್ತು ಕರಿಮಣಿ

ಬೀಸ್ಟನ್, ನಾಟಿಂಗ್‌ಹ್ಯಾಮ್

ವಿಶಾಲತ್ತಿಗೆಯವರಿಗೆ ಲೀಲಾವತಿಯ ನಮಸ್ಕಾರ.

ಮಗಳು ಸಂಯುಕ್ತಾ ನನ್ನನ್ನ ಇಲ್ಲಿ ಲೈಬ್ರರಿಯ ಲೇಸ್ ಕ್ಲಾಸಿಗೆ ಸೇರಿಸಿದ್ದಾಳೆ. ಬೆರಳುದ್ದದ ಮರದ ಕಡ್ಡಿಗಳಿಗೆ ನೂಲು ಸುತ್ತಿ ಹೆಣೀತಾರೆ. ಕಡ್ಡಿ ಉರುಳದೇ ಇರಲಿ ಅಂತ ಅದರ ತುದಿಗೆ ಒಂಬತ್ತು ಮಣಿ ತಂತಿಯಲ್ಲಿ ಪೋಣಿಸಿ, ಪುಟ್ಟ ಬಳೆಯ ಹಾಗೆ ಕಟ್ಟಬೇಕು. ಮನೆಯವರ ನೆನಪಿನ ಮಣಿಯಾದರೆ ಇನ್ನೂ ಒಳ್ಳೇದಂತೆ. ಕಲಿಸೋ ಮೌರೀನಮ್ಮ ತೀರಿಹೋದ ಗಂಡನ ಕೋಟಿನ ಗುಂಡಿಯನ್ನೇ ಕಟ್ಟಿದ್ದಾರೆ. ಅದನ್ನ ತೆಗಿ ಅಂತ ಆಕೆಗೆ ಹೇಳೋರು ಯಾರೂ ಇಲ್ಲ. ನಾನು ಅಂಗಡಿಯ ಮಣಿ ತಗೊಂಡು ಹೋಗಿದ್ದೆ. "ಇವು ಯಾರವು?" ಅಂತ ಕೇಳಿದರು. ಅಂಗಡಿಯವು ಅಂತ ಹೇಳಿ ಮಣಿಗಳನ್ನ ವಾಪಸ್ ಚೀಲಕ್ಕೆ ಹಾಕ್ಕೊಂಡೆ.

ನಮ್ಮ ಯಜಮಾನರ ಹತ್ತನೇ ದಿನ ನನ್ನ ಕರಿಮಣಿ ಸರ ಕಿತ್ತವರು ನೀವು. ಹೊಳೆಗೆ ಬಿಡ್ತೀನಿ ಅಂತ ಸೆರಗಿಗೆ ಕಟ್ಟಿಕೊಂಡು ಹೋದಿರಿ. ಆಮೇಲೆ ಅದು ನಿಮ್ಮ ಬೀರುವಿನ ಡಬ್ಬಿಯಲ್ಲಿ ಇರೋದನ್ನ ನಾನೇ ಕಣ್ಣಾರೆ ಕಂಡೆ. ನಿಮ್ಮ ತಮ್ಮ ಇದ್ದಷ್ಟು ವರ್ಷ ಅವರ ಮುಖ ನೋಡಿ ನಿಮ್ಮ ಮಾತಿಗೆಲ್ಲ ಸುಮ್ಮನಿದ್ದೆ, ಆ ಮುಖವೇ ಇಲ್ಲದ ಮೇಲೂ ಸುಮ್ಮನಿದ್ದೆ. ಇನ್ನು ಆಗಲ್ಲ.

ತಾಳಿಯ ಚಿನ್ನ ನೀವೇ ಇಟ್ಟುಕೊಳ್ಳಿ. ಒಂಬತ್ತು ಮಣಿ ಕಳಿಸಿ. ಕೊರಳಿಗೆ ಹಾಕ್ಕೊಳ್ಳಲ್ಲ, ಹೆದರಬೇಡಿ.

ಬಿಪಿ ಮಾತ್ರೆ ತಪ್ಪಿಸಿಲ್ಲ, ಮಂಡಿನೋವು ಹಾಗೇ ಇದೆ. ಕವರಿನಲ್ಲಿ ಹಾಕದೆ ಕಾರ್ಡಿನಲ್ಲಿ ಬರೆದದ್ದು ಬೇಕಂತಲೇ. ಪೋಸ್ಟ್‌ಮ್ಯಾನ್‌ನಿಂದ ಹಿಡಿದು ನಿಮ್ಮ ಸೊಸೆಯವರೆಗೆ ಎಲ್ಲರೂ ಓದಲಿ.

ಲೀಲಾವತಿ